ನಮ್ಮ ತಂದೆ: ತೋಟದ ಯಜಮಾನ, ಊರಿನ ಉಪದೇಶಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗು ನಂಬಿದ ಮನೆಗಳಲ್ಲಿ ಒಂದು ಲೆಕ್ಕದ ಪುಸ್ತಕ ಇದ್ದೇ ಇರುತ್ತದೆ. ಇಷ್ಟು ಕಾಯಿ ಕೆಡವಿದ್ದು, ಇಷ್ಟು ಅಟ್ಟಕ್ಕೆ ಹಾಕಿದ್ದು, ಇಷ್ಟು ಕೊಬ್ಬರಿ ಮಂಡಿಗೆ ಹೋದದ್ದು, ದಲ್ಲಾಳಿ ಹಿಡಿದುಕೊಂಡದ್ದು, ಕೈಗೆ ಬಂದದ್ದು. ನಮ್ಮ ತಂದೆಯವರ ಪುಸ್ತಕದಲ್ಲಿ ಇದೆಲ್ಲ ಎಡಮಗ್ಗುಲಿನ ಪುಟದಲ್ಲಿ ಇರುತ್ತಿತ್ತು. ಬಲಮಗ್ಗುಲಿನ ಪುಟ ಬೇರೆಯದೇ ಲೆಕ್ಕಕ್ಕೆ ಮೀಸಲು. ಯಾರ ಮನೆಯಲ್ಲಿ ಕಾಯಿಲೆ, ಯಾವ ಮಗುವಿಗೆ ಜಪ ಬಾಯಿಪಾಠ ಆಯಿತು, ಯಾವ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ, ಯಾರು ತೀರಿಕೊಂಡರು, ಮಣ್ಣಿಗೆ ಯಾರು ಬಂದಿದ್ದರು ಎಂಬುದು ಅಲ್ಲಿ ಇರುತ್ತಿತ್ತು. ಅವರು ನಾಲ್ಕು ಎಕರೆ ತೆಂಗಿನ ತೋಟದ ರೈತರು; ಜೊತೆಗೆ ನಮ್ಮ ಕಥೋಲಿಕ ಮನೆಗಳಿಗೆ ಉಪದೇಶಿಗಳು.

ಉಪದೇಶಿ ಎಂದರೆ ಯಾರು ಎಂದು ಈ ಪತ್ರಿಕೆಯ ಬಹುಪಾಲು ಓದುಗ ಬಂಧುಗಳಿಗೆ ತಿಳಿಯದಿರಬಹುದು. ಆತ ಗುರುಗಳಲ್ಲ. ಹೆಂಡತಿ ಮಕ್ಕಳಿರುವ ಗೃಹಸ್ಥ. ಹೊಲ ತೋಟ ಮಾಡಿಕೊಂಡೇ, ಗುರುಗಳು ಬಾರದ ದಿನಗಳಲ್ಲಿ ಪ್ರಾರ್ಥನೆ ನಡೆಸುತ್ತಾನೆ, ಮಕ್ಕಳಿಗೆ ಧರ್ಮಪಾಠ ಹೇಳುತ್ತಾನೆ, ರೋಗಿಗಳ ತಲೆದಿಂಬಿನ ಬಳಿ ಕೂರುತ್ತಾನೆ, ಸತ್ತವರನ್ನು ಜಪ ಹೇಳಿ ಮಣ್ಣು ಮಾಡುತ್ತಾನೆ. ಹುಟ್ಟಿದ ಕೂಸು ಉಳಿಯುವುದಿಲ್ಲ ಎನ್ನುವಂತಿದ್ದರೆ ದೀಕ್ಷಾಸ್ನಾನವನ್ನೂ ಕೊಡಬಹುದು. ಪೂಜೆ ಅರ್ಪಿಸುವುದು, ಪಾಪನಿವೇದನೆ ಕೇಳುವುದು ಮಾತ್ರ ಗುರುಗಳ ಕೆಲಸ. ತುಮಕೂರು ಜಿಲ್ಲೆ ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರಿದ್ದು. ಪಟ್ಟಣ ಬಿಟ್ಟು ಒಳಗಿನ ಹಳ್ಳಿಗಳಲ್ಲಿ ಕಥೋಲಿಕ ಮನೆಗಳು ಬೆರಳೆಣಿಕೆಯಷ್ಟು. ನಮ್ಮ ಊರಿಗೆ ಗುರುಗಳು ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಉಳಿದ ದಿನಗಳೆಲ್ಲ ತಂದೆಯವರ ಪಾಲಿಗೆ.

ನಮ್ಮ ತಾತ ಹಾಸನದ ಹತ್ತಿರದ ಸಾತಳ್ಳಿ ಕಡೆಯಿಂದ ಬಂದವರು. ಆ ಸೀಮೆಯ ಹಳೆಯ ಕಥೋಲಿಕರು ಕನ್ನಡದ ಒಕ್ಕಲು ಮಕ್ಕಳು. ಹೆಸರುಗಳನ್ನೇ ನೋಡಿ: ಪೇತ್ರನಿಗೆ ರಾಯಪ್ಪ, ಪೌಲನಿಗೆ ಚಿನ್ನಪ್ಪ, ಯೊವಾನ್ನನಿಗೆ ಅರುಳಪ್ಪ, ಇಗ್ನಾಸಿಗೆ ಇನ್ನಾಸಪ್ಪ. ಮೈಸೂರು ಸೀಮೆಯಲ್ಲಿ ಯೇಸುಸಭೆಯ ಗುರುಗಳು 17ನೆಯ ಶತಮಾನದ ನಡುವಿನಲ್ಲೇ ಕೆಲಸ ಆರಂಭಿಸಿದ್ದರು. 1773ರಲ್ಲಿ ರೋಮಿನಿಂದ ಆ ಸಭೆಯೇ ರದ್ದಾಯಿತು. ಮುಂದೆ ಯುದ್ಧಗಳ ಕಾಲ ಬಂತು. ಗುರುಗಳಿಲ್ಲದ ಊರುಗಳಲ್ಲಿ ಜಪ ಮರೆಯದಂತೆ ನೋಡಿಕೊಂಡವರು ಉಪದೇಶಿಗಳು, ಮನೆಯ ಹಿರಿಯರು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಫ್ರಾನ್ಸಿನ ಗುರು ಅಬ್ಬೆ ದುಬುವಾ ಮೈಸೂರು ಸೀಮೆಗೆ ಬಂದು, ಚದುರಿಹೋಗಿದ್ದ ಕ್ರೈಸ್ತ ಕುಟುಂಬಗಳನ್ನು ಒಟ್ಟುಗೂಡಿಸಿದರು. ಈ ದೇಶದ ಉಡುಪು ಉಟ್ಟು, ಈ ದೇಶದ ಊಟ ಉಂಡು, ಜನರ ನಡುವೆ ಬಾಳಿದವರು. ಗತಿಗೆಟ್ಟ ಒಕ್ಕಲುಗಳಿಗೆ ಬೇಸಾಯದ ನೆಲೆಗಳನ್ನು ಏರ್ಪಡಿಸಿದರು. ಸಾತಳ್ಳಿ ಅವುಗಳಲ್ಲಿ ಮುಖ್ಯವಾದದ್ದು. 1803-04ರಲ್ಲಿ ಸಿಡುಬಿನ ವಿರುದ್ಧ 25 ಸಾವಿರಕ್ಕೂ ಹೆಚ್ಚು ಜನರಿಗೆ ದೇವಿ ಹಾಕಿಸಿದ ಲೆಕ್ಕ ಅವರ ಹೆಸರಿನಲ್ಲಿದೆ. 1823ರಲ್ಲಿ ತಾಯ್ನಾಡಿಗೆ ಮರಳಿ, 1848ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡರು. ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆಯುತ್ತಿದ್ದರು. ತಂದೆಯವರು ಈ ಕಥೆ ಹೇಳುವಾಗ ಒಂದು ಮಾತಿಗೆ ಒತ್ತು ಕೊಡುತ್ತಿದ್ದರು: "ಸ್ವಾಮಿಯವರು ಮೊದಲು ನೆಲ ಕೊಡಿಸಿದರು, ದೇವಿ ಹಾಕಿಸಿದರು. ಹೊಟ್ಟೆಗೆ ಇಲ್ಲದವನ ಕಿವಿಗೆ ಉಪದೇಶ ಹೋಗೋದಿಲ್ಲ."

ಅದೇ ಹಾಸನ ಸೀಮೆಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಗುರುಗಳು 19ನೆಯ ಶತಮಾನದಲ್ಲಿ ಕಟ್ಟಿಸಿದ ಜಪಮಾಲೆ ಮಾತೆಯ ಗುಡಿ, 1979ರಲ್ಲಿ ಮುಗಿದ ಗೊರೂರಿನ ಹೇಮಾವತಿ ಅಣೆಕಟ್ಟೆಯ ಹಿನ್ನೀರಿಗೆ ಸಿಕ್ಕಿತು. ಮಳೆಗಾಲದಲ್ಲಿ ಮುಳುಗಿ, ಬೇಸಿಗೆಯಲ್ಲಿ ಮತ್ತೆ ಕಾಣುವ ಆ ಗೋಡೆಗಳನ್ನು ನೋಡಲು ಈಗ ದೂರದಿಂದ ಜನ ಬರುತ್ತಾರೆ. ಅದೇ ಹೇಮಾವತಿಯ ನೀರು ನಾಲೆಯಲ್ಲಿ ಹರಿದು ನಮ್ಮ ತಿಪಟೂರು, ತುರುವೇಕೆರೆ ಕಡೆಗೂ ಬರುತ್ತದೆ. ನಾಲೆ ತುಂಬಿದ ದಿನ ಊರೆಲ್ಲ ಹಿಗ್ಗಿದರೆ, ತಂದೆಯವರೂ ಹಿಗ್ಗುತ್ತಿದ್ದರು. ಆದರೆ ಸಂಜೆಯ ಜಪದಲ್ಲಿ ಮನೆ ಮಠ ಬಿಟ್ಟು ಎದ್ದುಹೋದ ಆ ಊರುಗಳವರಿಗಾಗಿ ಒಂದು ಜಪ ಸೇರಿಸುತ್ತಿದ್ದರು. ಒಬ್ಬರ ತೋಟಕ್ಕೆ ಬಂದ ನೀರು ಇನ್ನೊಬ್ಬರ ಊರಿನ ಮೇಲೆ ಹಾದು ಬಂದದ್ದು ಎಂಬುದನ್ನು ನಮಗೆ ಕಲಿಸಿದ್ದು ಹೀಗೆ.

ಅವರ ದಿನ ನಸುಕಿನಲ್ಲಿ ಆರಂಭವಾಗುತ್ತಿತ್ತು. ತೋಟ ಸುತ್ತಿ, ಬಿದ್ದ ಕಾಯಿ ಆಯ್ದು, ಹಸು ಕರೆದು, ನಮ್ಮನ್ನು ಎಬ್ಬಿಸುತ್ತಿದ್ದರು. ತಾಯಿಯವರಿಗೆ ಮೈ ಸರಿಯಿಲ್ಲದ ದಿನ ರಾಗಿ ಮುದ್ದೆ ತಿರುವುತ್ತಿದ್ದವರೂ ಅವರೇ. ಗಂಡಸು ಒಲೆ ಮುಂದೆ ಕೂತ ಎಂದು ನೆರೆಯವರು ನಕ್ಕರೆ ತಾವೂ ನಗುತ್ತಿದ್ದರು. ಸಂಜೆ ದೀಪ ಹಚ್ಚಿ ಜಪಸರ ಹಿಡಿದರೆ ಮನೆಯವರೆಲ್ಲ ಕೂರಬೇಕು. ಜಪ ಮುಗಿದ ಮೇಲೆ ಒಬ್ಬೊಬ್ಬರನ್ನೂ ಆ ದಿನದ ಸಮಾಚಾರ ಕೇಳುತ್ತಿದ್ದರು. ಆಮೇಲೆ ಸೈಕಲ್ಲು ಹತ್ತಿ ಹೊರಟರೆ ಯಾರದೋ ಮನೆ. ಎರಡನೆಯ ವ್ಯಾಟಿಕನ್ ಮಹಾಸಭೆ 1962ರಿಂದ 1965ರವರೆಗೆ ನಡೆದು, ಆವರೆಗೆ ಲತೀನಿನಲ್ಲಿದ್ದ ಪೂಜೆ ಜನರ ಭಾಷೆಗೆ ಬಂದಾಗ ಅವರಿನ್ನೂ ಹುಡುಗ. ಕನ್ನಡದಲ್ಲಿ ಮೊದಲ ಸಲ ಪೂಜೆ ಕೇಳಿದ ಸಂತೋಷವನ್ನು ಕೊನೆಯವರೆಗೂ ಹೇಳುತ್ತಿದ್ದರು. ಅರ್ಥವಾಗದ ಮಾತಿಗೆ ತಲೆಬಾಗುವುದಕ್ಕೂ, ಅರ್ಥವಾದ ಮಾತಿಗೆ ತಲೆಬಾಗುವುದಕ್ಕೂ ವ್ಯತ್ಯಾಸ ಇದೆ ಎನ್ನುತ್ತಿದ್ದರು.

ತೆಂಗಿನ ಕೆಲಸದಿಂದಲೇ ಅವರು ತಾಳ್ಮೆ ಕಲಿತರೋ, ಜಪದಿಂದ ಕಲಿತ ತಾಳ್ಮೆಯನ್ನು ತೆಂಗಿಗೆ ತಂದರೋ ಹೇಳುವುದು ಕಷ್ಟ. ನಮ್ಮ ಸೀಮೆಯ ಉಂಡೆ ಕೊಬ್ಬರಿ ಅವಸರದ ಸರಕಲ್ಲ. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿದರೆ, ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗಲು 8ರಿಂದ 12 ತಿಂಗಳು ಬೇಕು. ಅಲ್ಲಾಡಿಸಿ ನೋಡಬೇಕು, ಸದ್ದು ಕೇಳಬೇಕು, ಇನ್ನೂ ಹಸಿ ಎನಿಸಿದರೆ ಇಟ್ಟಲ್ಲೇ ಇಡಬೇಕು. ಮಾತು ಬಿಟ್ಟ ಅಣ್ಣತಮ್ಮಂದಿರ ಮನೆಗೂ ಅವರು ಹೀಗೇ ಹೋಗಿ ಬರುತ್ತಿದ್ದರು. ನ್ಯಾಯ ಹೇಳುತ್ತಿರಲಿಲ್ಲ. ಒಂದು ಲೋಟ ಕಾಫಿ ಕುಡಿದು, ಮಳೆ ಬೆಳೆ ಮಾತಾಡಿ, ಎದ್ದು ಬರುವರು. ಮತ್ತೆ ಮುಂದಿನ ವಾರ. ನಮ್ಮ ಜಾತಿ ಮತದವರಲ್ಲದ ಮನೆಗಳಿಂದಲೂ ಇಂಥದ್ದಕ್ಕೆ ಕರೆ ಬರುತ್ತಿತ್ತು.

ಪರೀಕ್ಷೆ ಬಂದದ್ದು ನಮ್ಮ ಮನೆಯದೇ ಪಾಲಿನ ಹೊತ್ತಿನಲ್ಲಿ. 1990ರ ದಶಕದಲ್ಲಿ ತಂದೆಯವರಿಗೂ ಚಿಕ್ಕಪ್ಪನವರಿಗೂ ತೋಟ ಭಾಗವಾಯಿತು. ಬಾವಿ ಇದ್ದದ್ದು ಕೆರೆಯ ಮಗ್ಗುಲಿಗೆ. ಮೇಲಿನದು ಕೆಮ್ಮಣ್ಣಿನ ದಿಣ್ಣೆ. ಬಾವಿ ಜಂಟಿಯಾಗಿರಲಿ, ಸರದಿಯ ಮೇಲೆ ನೀರು ಬಿಟ್ಟುಕೊಳ್ಳಿ ಎಂದು ಊರ ಹಿರಿಯರು ಹೇಳಿದರು. ಚಿಕ್ಕಪ್ಪ ಒಪ್ಪಲಿಲ್ಲ. ತಂದೆಯವರು ಹಗ್ಗ ಹಿಡಿಯಲು ಬಿಡದೆ, ಕೆರೆಯ ಮಗ್ಗುಲು ತಮ್ಮನಿಗೇ ಇರಲಿ ಎಂದುಬಿಟ್ಟರು. ಊರವರ ಪಾಲಿನ ಜಗಳ ಬಿಡಿಸಲು ಹೋಗುವ ನಾನು ನನ್ನ ತಮ್ಮನ ಮೇಲೆ ಕಟ್ಟೆ ಹತ್ತಿದರೆ ನಾಳೆ ಯಾವ ಮುಖದಲ್ಲಿ ಜಪ ಹೇಳಿಸಲಿ ಎಂಬುದು ಅವರ ವಾದ. ತಾಯಿಯವರು ಆ ದಿನ ಒಂದೇ ಮಾತು ಆಡಿದರು: "ಮನೆಗೆ ಮಾರಿ, ಪರರಿಗೆ ಉಪಕಾರಿ."

ಆ ಮಾತು ಸುಳ್ಳಾಗಲಿಲ್ಲ. 1998ರಲ್ಲಿ ಕೇರಳದಲ್ಲಿ ಮೊದಲು ಕಂಡ ತೆಂಗಿನ ನುಸಿ ಒಂದೆರಡು ವರ್ಷದಲ್ಲಿ ನಮ್ಮ ಸೀಮೆಗೂ ಹಬ್ಬಿತು. ಕಣ್ಣಿಗೆ ಕಾಣದ ಆ ಹುಳು ಎಳೆಗಾಯಿಯ ತೊಟ್ಟಿನ ಸಂದಿಯಲ್ಲಿ ಸೇರಿ ರಸ ಹೀರುತ್ತದೆ. ಕಾಯಿಯ ಮೇಲೆ ಕಂದು ಕಲೆ ಏಳುತ್ತದೆ, ಕಾಯಿ ಸಣ್ಣದಾಗುತ್ತದೆ, ಸುಲಿಯಲು ಬಾರದಂತೆ ಮಟ್ಟೆ ಕಚ್ಚಿಕೊಳ್ಳುತ್ತದೆ. ಬೇರಿಗೆ ಬೇವಿನ ಔಷಧಿ ಕಟ್ಟಿ ಎಂದರು, ಕಟ್ಟಿದ್ದಾಯಿತು. ನೀರಿದ್ದ ಮರಗಳು ಹೇಗೋ ತಡೆದುಕೊಂಡವು. ದಿಣ್ಣೆಯ ಮೇಲಿನ ನಮ್ಮ ಮರಗಳು ಸೋತವು. ಅಟ್ಟ ಅರ್ಧಕ್ಕೆ ಇಳಿಯಿತು. ಅದೇ ವರ್ಷ ಅಕ್ಕ ಎಸ್‌ಎಸ್‌ಎಲ್‌ಸಿ ಪಾಸಾಗಿದ್ದಳು. ಕಾಲೇಜಿಗೆ ಸೇರಿಸಲು ಹಣ ಹೊಂದಲಿಲ್ಲ. ಅವಳ ಓದು ಅಲ್ಲಿಗೇ ನಿಂತಿತು. ಇದನ್ನು ಬರೆಯದೆ ತಂದೆಯವರ ಗುಣಗಾನ ಮಾತ್ರ ಮಾಡಿದರೆ ಅದು ಒಂದೇ ಮಗ್ಗುಲಿನ ಲೆಕ್ಕವಾದೀತು.

ಅವರು ತೀರಿಕೊಂಡ ಮೇಲೆ ಪುಸ್ತಕಗಳನ್ನು ತೆಗೆದು ನೋಡಿದೆವು. ಅಕ್ಕನ ಓದು ನಿಂತ ವರ್ಷದ ಎಡಪುಟದಲ್ಲಿ, ಗೊಬ್ಬರದ ಸಾಲ, ಸೊಸೈಟಿಯ ಸಾಲಗಳ ಕೆಳಗೆ, "ಮಗಳಿಗೆ ಕೊಡಬೇಕಾದ್ದು, ಕಾಲೇಜು ಬಾಬ್ತು" ಎಂದು ಒಂದು ಮೊಬಲಗು ಬರೆದಿದ್ದರು. ಮುಂದಿನ ವರ್ಷ ಅದೇ ಬಾಬ್ತು ಮತ್ತೆ ಬಾಕಿ. ಅದರ ಮುಂದಿನ ವರ್ಷವೂ ಬಾಕಿ. ಸೊಸೈಟಿಯ ಸಾಲ ತೀರಿತು, ಗೊಬ್ಬರದಂಗಡಿಯ ಸಾಲ ತೀರಿತು. ಮಗಳ ಬಾಕಿ ಮಾತ್ರ ಕೊನೆಯ ಪುಸ್ತಕದವರೆಗೂ ನಡೆದುಬಂದಿತ್ತು. ಅವಳ ಮದುವೆ ಮಾಡಿದ್ದನ್ನು ಅದಕ್ಕೆ ವಜಾ ಹಾಕಿಕೊಂಡಿರಲಿಲ್ಲ. ನಮಗೆ ಯಾರಿಗೂ ಈ ಮಾತು ಅವರು ಹೇಳಿದವರಲ್ಲ.

ಹೇಳದೆ ಮಾಡಿದ್ದು ಒಂದಿದೆ. ನಾಲ್ಕು ದಿನ ಮಳೆ ಹಿಡಿದ ಒಂದು ವರ್ಷ ದಿಣ್ಣೆಯ ಮೂಡಣ ಮೂಲೆಯಲ್ಲಿ ಇಪ್ಪತ್ತು ಸಸಿ ನೆಟ್ಟು, ಎರಡು ಬೇಸಿಗೆ ಕೊಡದಲ್ಲಿ ನೀರು ಹೊತ್ತು ಉಳಿಸಿದ್ದರು. ಎತ್ತರದ ತಳಿಯ ತೆಂಗು ಫಲಕ್ಕೆ ಬರಲು ಆರೇಳು ವರ್ಷ ಬೇಕು. ಬಂದ ಮೇಲೆ ಎರಡು ತಲೆಮಾರು ಕೊಡುತ್ತದೆ. ತಮಗೆ ಅದರ ಕೊಬ್ಬರಿ ಹೆಚ್ಚು ಸಿಗದೆಂದು ಅವರಿಗೆ ಗೊತ್ತಿತ್ತು. ಮರಣಶಾಸನದಲ್ಲಿ, ಎಲ್ಲ ಮಕ್ಕಳಿಗೂ ಸಮಪಾಲು ಬರೆದು, ಆ ಇಪ್ಪತ್ತು ಮರದ ಮೂಲೆಯನ್ನು ಪಾಲಿಗೆ ಮೊದಲೇ ತೆಗೆದು ಮಗಳಿಗೆ ಎಂದು ಬರೆದಿದ್ದರು. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಗಂಡು ಹೆಣ್ಣು ಮಕ್ಕಳಿಗೆ ಸಮಪಾಲೇ ಇದೆ. ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೂ ನಮ್ಮ ರಾಜ್ಯದಲ್ಲಿ 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ ಆ ಹಕ್ಕು ಬಂತು. ಆದರೂ ತೋಟದ ಪಾಲು ಎಂದರೆ ಹೆಣ್ಣುಮಕ್ಕಳಿಂದ ಬಿಡುಗಡೆ ಪತ್ರಕ್ಕೆ ರುಜು ಹಾಕಿಸಿಕೊಳ್ಳುವುದೇ ರೂಢಿಯಾಗಿರುವ ನಮ್ಮ ಊರುಗಳಲ್ಲಿ, ತಂದೆಯವರು ಬಾಯಿಬಿಟ್ಟು ಹೇಳದ ಉಪದೇಶ ಇದು.

ತಂದೆಯವರು ಮಾಡಿದ್ದು ಸರಿಯೇ ಎಂದು ಅಕ್ಕನನ್ನು ಕೇಳಿದ್ದೇನೆ. "ಬಾವಿ ಬಿಟ್ಟುಕೊಟ್ಟದ್ದು ಅಪ್ಪನ ಧರ್ಮ. ಅದಕ್ಕೆ ಬೆಲೆ ತೆತ್ತವಳು ನಾನು. ಅದು ಅಪ್ಪನಿಗೂ ಗೊತ್ತಿತ್ತು" ಎಂದಳು. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಚಿಕ್ಕಪ್ಪನವರು ನೀರು ಕೊಡಲಿಲ್ಲ. ಆದರೆ ತಂದೆಯವರ ಕೊನೆಯ ಮೂರು ತಿಂಗಳು ರಾತ್ರಿ ಹೊತ್ತು ಹಾಸಿಗೆಯ ಬಳಿ ಕೂತು ಅವರೊಡನೆ ಜಪ ಹೇಳಿದವರು ಅವರೇ. ತಾಯಿಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಗಾದೆಯನ್ನು ಮತ್ತೆ ಆಡಲಿಲ್ಲ, ಹಿಂದಕ್ಕೂ ತೆಗೆದುಕೊಳ್ಳಲಿಲ್ಲ.

ಉಪದೇಶಿಯ ಕೆಲಸ ಶತಮಾನಗಳಿಂದ ನಡೆದುಬಂದದ್ದಾದರೂ, ಅದನ್ನು ಧರ್ಮಸಭೆಯ ಒಂದು ಅಧಿಕೃತ ಸೇವಾಪದವಿಯಾಗಿ ಜಗದ್ಗುರು ಫ್ರಾನ್ಸಿಸ್ ಅವರು ಸ್ಥಾಪಿಸಿದ್ದು 2021ರ ಮೇ 10ರಂದು. ಆ ಪದವಿ ಗಂಡಸರಿಗೂ ಹೆಂಗಸರಿಗೂ ಸಮಾನ. ತಂದೆಯವರು ಆ ಸುದ್ದಿ ಕೇಳಲು ಉಳಿದಿರಲಿಲ್ಲ. ಗಂಡನ ಮನೆ ಹತ್ತಿರದಲ್ಲೇ ಇರುವುದರಿಂದ ಈಗ ಭಾನುವಾರ ನಮ್ಮ ಊರಿನ ಮಕ್ಕಳಿಗೆ ಧರ್ಮಪಾಠ ಹೇಳುತ್ತಿರುವವಳು ಅಕ್ಕ. ಪಾಠ ಮುಗಿದ ಮೇಲೆ ಹತ್ತನೆಯ ತರಗತಿಯ ಹೆಣ್ಣುಮಕ್ಕಳನ್ನು ನಿಲ್ಲಿಸಿಕೊಂಡು, ಮುಂದೆ ಯಾವ ಕಾಲೇಜು, ಅರ್ಜಿ ಹಾಕಿದಿರಾ ಎಂದು ವಿಚಾರಿಸುತ್ತಾಳೆ. ಹಿಂದೆ ಮುಂದೆ ನೋಡುವ ಮನೆಗಳಿಗೆ ತಾನೇ ಹೋಗಿ ಬರುತ್ತಾಳೆ. ಅಪ್ಪನ ಹಾಗೆಯೇ, ಒಂದು ಲೋಟ ಕಾಫಿ ಕುಡಿದು, ಮುಂದಿನ ವಾರ ಮತ್ತೆ. ಇಪ್ಪತ್ತು ಮರದ ಕೊಬ್ಬರಿಯಲ್ಲಿ ಒಂದಿಷ್ಟು ಈ ಬಾಬ್ತಿಗೆ ಹೋಗುತ್ತದೆ.

ಬೆಳೆಗಾರ ಬಂಧುಗಳಲ್ಲಿ ಒಂದು ಮಾತು. ನಮ್ಮ ಊರುಗಳಲ್ಲಿ ಮತ ಯಾವುದೇ ಇರಲಿ, ಮನೆಯನ್ನೂ ಊರನ್ನೂ ಒಟ್ಟಿಗೆ ಹೊತ್ತು ನಡೆದ ಹಿರಿಯರು ಇದ್ದೇ ಇದ್ದಾರೆ. ಅವರನ್ನು ನೆನೆಯುವಾಗ ಕೊಟ್ಟದ್ದನ್ನು ಮಾತ್ರ ಬರೆದು, ಮನೆಯವರು ತೆತ್ತದ್ದನ್ನು ಬಿಡುವುದು ಬೇಡ. ಅಂಥವರ ಹಳೆಯ ಪುಸ್ತಕಗಳು ಅಟ್ಟದ ಮೇಲೆ ಗೆದ್ದಲು ಹಿಡಿಯುವ ಮುನ್ನ ಒಮ್ಮೆ ತೆಗೆದು ನೋಡಿ. ಅಲ್ಲಿ ಮಗಳದೋ, ತಂಗಿಯದೋ, ಹೆಂಡತಿಯದೋ ಬಾಕಿ ಏನಾದರೂ ಕಂಡರೆ ಮುಂದಿನ ವರ್ಷಕ್ಕೆ ಎಳೆಯದೆ, ಈ ಸಲದ ಕೊಬ್ಬರಿಯಲ್ಲೇ ತೀರಿಸಿ.