ಫಾರ್ಮಸಿ ವಿದ್ಯಾರ್ಥಿಯ ಪಾಠ, ರೋಗಿಯ ಮಾತ್ರೆ

ಥೈರಾಯ್ಡ್ ಕೊರತೆಗೆ ಕೊಡುವ ಲೆವೊಥೈರಾಕ್ಸಿನ್ ಮಾತ್ರೆಯನ್ನು ಅನೇಕರು ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳೊಡನೆ ಒಟ್ಟಿಗೇ ನುಂಗುತ್ತಾರೆ. ರಕ್ತಪರೀಕ್ಷೆಯಲ್ಲಿ ಟಿ.ಎಸ್.ಎಚ್. ಇಳಿಯುವುದಿಲ್ಲ, ಮಾತ್ರೆಯ ಪ್ರಮಾಣ ಏರುತ್ತದೆ. ತೆಗೆದುಕೊಳ್ಳುವ ವೇಳೆಯನ್ನು ಯಾರೂ ವಿಚಾರಿಸಿರುವುದಿಲ್ಲ.

ಇಂತಹ ಲೋಹಾಂಶಗಳು ಔಷಧದ ಅಣುವನ್ನು ಹಿಡಿದಿಟ್ಟುಕೊಂಡರೆ ಅದು ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರದೆಂಬುದನ್ನು ಫಾರ್ಮಸಿ ವಿದ್ಯಾರ್ಥಿಗಳು ತರಗತಿಯಲ್ಲಿ ಓದಿರುತ್ತಾರೆ, ಪರೀಕ್ಷೆಯಲ್ಲಿ ಬರೆದೂ ಇರುತ್ತಾರೆ. ಆದರೆ ರೋಗಿ ಎದುರು ನಿಂತಾಗ "ಬೆಳಿಗ್ಗೆ ಯಾವ ಯಾವ ಮಾತ್ರೆ, ಎಷ್ಟು ಹೊತ್ತಿಗೆ ತೆಗೆದುಕೊಳ್ಳುತ್ತೀರಿ?" ಎಂದು ಕೇಳಲು ತೋಚದಿದ್ದರೆ ಆ ಓದು ಔಷಧದಂಗಡಿಯವರೆಗೂ ಬಂದಿಲ್ಲವೆಂದೇ ಅರ್ಥ. 2008ರಲ್ಲಿ ನಮ್ಮ ದೇಶದಲ್ಲಿ ಆರಂಭವಾದ 6 ವರ್ಷಗಳ ಫಾರ್ಮ್ ಡಿ ಶಿಕ್ಷಣದಲ್ಲಿ ವಿದ್ಯಾರ್ಥಿಗಳನ್ನು ವಾರ್ಡುಗಳಿಗೆ ಕರೆದೊಯ್ಯುವುದು ಇದಕ್ಕಾಗಿಯೇ. ಮೊದಲು ರೋಗಿಯ ತೊಂದರೆ, ಅನಂತರ ಅದರ ಹಿಂದಿನ ರಸಾಯನಶಾಸ್ತ್ರ ಎಂಬ ಕ್ರಮದಲ್ಲಿ ಕಲಿಸುವುದು ಮೇಲೆಂದು ನನ್ನ ಅಭಿಪ್ರಾಯ.

ಆಯುರ್ವೇದದವರಾದ ನಾವೂ ಇಲ್ಲಿ ಹೊರಗಿನವರಲ್ಲ. ಶಂಖಭಸ್ಮದಲ್ಲಿ ಕ್ಯಾಲ್ಸಿಯಂ ಇದೆ, ಲೋಹಭಸ್ಮದಲ್ಲಿ ಕಬ್ಬಿಣವಿದೆ. ಔಷಧಸೇವನೆಯ ಕಾಲವನ್ನು ನಮ್ಮ ಶಾಸ್ತ್ರ ವಿವರವಾಗಿಯೇ ಹೇಳುತ್ತದೆ. "ಇದು ಬರಿಯ ನಾಟಿ ಔಷಧ" ಎಂದು ರೋಗಿಗಳು ಅದನ್ನು ಮರೆಮಾಚಬಾರದು.

ಸದ್ಭಕ್ತರು ಗಮನಿಸಬೇಕು: ಲೆವೊಥೈರಾಕ್ಸಿನ್ ಅನ್ನು ಬರಿಹೊಟ್ಟೆಯಲ್ಲಿ, ನೀರಿನೊಡನೆ, ಉಪಾಹಾರಕ್ಕೆ 30ರಿಂದ 60 ನಿಮಿಷ ಮೊದಲು ಸೇವಿಸತಕ್ಕದ್ದು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೂ ಮೇಲೆ ಹೇಳಿದ ಭಸ್ಮಗಳಿಗೂ ಕನಿಷ್ಠ 4 ಗಂಟೆಗಳ ಅಂತರವಿರಲಿ. ಈಗಾಗಲೇ ಪ್ರಮಾಣ ಏರಿಸಿಕೊಂಡವರು ವೇಳೆಯನ್ನು ಬದಲಿಸುವ ವಿಷಯವನ್ನು ವೈದ್ಯರಿಗೆ ತಿಳಿಸಿ, 6ರಿಂದ 8 ವಾರಗಳ ಬಳಿಕ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಇಲ್ಲವಾದರೆ ಅದೇ ಮಾತ್ರೆ ಅತಿಯಾಗಿ ಎದೆಬಡಿತ ಹೆಚ್ಚೀತು.