ಮೈಗೆ ಬಿದ್ದ ಎಣ್ಣೆ ಎಲ್ಲಿಗೆ ಹೋಗುತ್ತದೆ?

ಹತ್ತಿಗೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವಾಗ ಮೂಗಿಗೆ ಟವೆಲ್ ಸುತ್ತಿಕೊಂಡರೆ ಸಾಕು, ಮೈಮೇಲೆ ಬಿದ್ದದ್ದು ಸಂಜೆ ಜಳಕದಲ್ಲಿ ತೊಳೆದುಹೋಗುತ್ತದೆ ಎಂಬ ನಂಬಿಕೆ ಯಾಪಲದಿನ್ನಿ, ದೇವದುರ್ಗ, ಮಾನ್ವಿಯಂಥ ಹತ್ತಿಯ ಸೀಮೆಗಳಲ್ಲಿ ಗಟ್ಟಿಯಾಗಿದೆ. ಚರ್ಮವೆಂದರೆ ಮೈಗೆ ಹೊದಿಸಿದ ತಾಡಪತ್ರಿ ಎಂಬ ಕಲ್ಪನೆಯೇ ಇದರ ಬುಡ. ತಾಡಪತ್ರಿಯಂತೆ ಇರುವುದು ಹೊರಚರ್ಮ ಮಾತ್ರ. ಮೈಯ ಬಹುಭಾಗದಲ್ಲಿ ಅದು ಮಿಲಿಮೀಟರಿನ ಹತ್ತನೇ ಒಂದರಷ್ಟು ತೆಳು, ಅದರಲ್ಲಿ ರಕ್ತನಾಳವೇ ಇಲ್ಲ. ಅದರಡಿಯ ಒಳಚರ್ಮ 1ರಿಂದ 4 ಮಿಲಿಮೀಟರ್ ದಪ್ಪ. ಕೊಲಾಜನ್ ನಾರುಗಳ ಹೆಣಿಗೆಯ ನಡುವೆ ರಕ್ತನಾಳ, ನರ, ಕೂದಲ ಬುಡ, ಬೆವರಿನ ಗ್ರಂಥಿ ಎಲ್ಲ ಅಲ್ಲಿವೆ. ಕಾಲಿಗೆ ಮೆಟ್ಟುವ ತೊಗಲೂ ಇದೇ ಪದರ. ಸುಣ್ಣದ ನೀರಿನಲ್ಲಿ ನೆನೆಸಿ ಕೂದಲನ್ನೂ ಹೊರಚರ್ಮವನ್ನೂ ಕೆರೆದ ಮೇಲೆ ಉಳಿಯುವುದು ಒಳಚರ್ಮವೇ. ಅಜ್ಜಿಯರ ಮುಂಗೈಯ ಹಚ್ಚೆ ಇನ್ನೊಂದು ಸಾಕ್ಷಿ. ಹೊರಚರ್ಮ ತಿಂಗಳು, ಒಂದೂವರೆ ತಿಂಗಳಿಗೆ ಹೊಸದಾಗುತ್ತದೆ. ಬಣ್ಣ ಅಲ್ಲೇ ನಿಂತಿದ್ದರೆ ಗೋರಂಟಿಯಂತೆ ಅಳಿಸಿಹೋಗುತ್ತಿತ್ತು. ಸೂಜಿ ಒಳಚರ್ಮ ಮುಟ್ಟಿದ್ದರಿಂದಲೇ ಆಗ ರಕ್ತ ಒಸರಿತು, ಅರವತ್ತು ವರ್ಷವಾದರೂ ಹಸಿರು ಉಳಿಯಿತು.

ಚುಚ್ಚಿದರೆ ಸರಿ, ಚುಚ್ಚದೆ ಎಣ್ಣೆ ಹೇಗೆ ಇಳಿದೀತು, ಮಳೆನೀರು ಇಳಿಯುವುದಿಲ್ಲವಲ್ಲ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಹೊರಚರ್ಮದ ತುದಿಯ ಪದರದಲ್ಲಿ ಸತ್ತ ಜೀವಕೋಶಗಳ ಸಂದುಗಳನ್ನು ಕೊಬ್ಬು ಮೆತ್ತಿದೆ. ನೀರಿಗೆ ಅದು ಗೋಡೆ, ಕೊಬ್ಬಿನಲ್ಲಿ ಕರಗುವ ಸಣ್ಣ ಅಣುಗಳಿಗೆ ಅದೇ ದಾರಿ. ಹಲವು ಕೀಟನಾಶಕಗಳು ಇಂಥವೇ. ಒಳಚರ್ಮ ಮುಟ್ಟಿದ ಮೇಲೆ ರಕ್ತಕ್ಕೆ ಸೇರಲು ತಡವಿಲ್ಲ. 1971ರಲ್ಲಿ ಪ್ರಕಟವಾದ ಅಳತೆಯಲ್ಲಿ, ಮುಂಗೈಗೆ ಹಚ್ಚಿದ ಪ್ಯಾರಾಥಿಯಾನ್ ಎಂಬ ಕೀಟನಾಶಕದಲ್ಲಿ ಸುಮಾರು 9% ಮೈ ಸೇರಿದರೆ, ಕಂಕುಳಿನಿಂದ 64%, ವೃಷಣದ ಚರ್ಮದಿಂದ ಹೆಚ್ಚುಕಡಿಮೆ ಎಲ್ಲವೂ ಸೇರಿತ್ತು. ಬೆನ್ನಿನ ಪಂಪು ಸೋರಿ ನಡುವಿನ ಕೆಳಗೆ ಬಟ್ಟೆ ಒದ್ದೆಯಾಗುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಬಿಸಿಲಲ್ಲಿ ಮೈ ತಣಿಸಲು ಒಳಚರ್ಮದ ನಾಳಗಳು ಹಿಗ್ಗುತ್ತವೆ, ಮೈ ಬೆವರುತ್ತದೆ. ಹೀರಿಕೆ ಇನ್ನೂ ಏರುತ್ತದೆ.

ಇಷ್ಟು ವರ್ಷ ಹೊಡೆದರೂ ಏನೂ ಆಗಿಲ್ಲ ಎನ್ನುವವರಿದ್ದಾರೆ. ಆದರೆ ಆರ್ಗನೊಫಾಸ್ಫೇಟ್ ಜಾತಿಯ ಔಷಧಗಳು ನರಗಳ ಕೆಲಸಕ್ಕೆ ಬೇಕಾದ ಕೋಲಿನೆಸ್ಟರೇಸ್ ಕಿಣ್ವವನ್ನು ಸದ್ದಿಲ್ಲದೆ ಕುಗ್ಗಿಸುತ್ತಾ ಹೋಗುತ್ತವೆ. ಆಮೇಲೆ ಬರುವ ತಲೆನೋವು, ತಲೆಸುತ್ತು, ವಾಂತಿಯನ್ನು ಬಿಸಿಲು ಬಡಿದದ್ದೆಂದು ತಿಳಿಯುವುದು ಬಹಳ ಸುಲಭ. ಸಂಜೆಯ ಜಳಕಕ್ಕೆ ಕಾಯದೆ, ಬದುವಿನ ಮೇಲೆ ಒಂದು ಕೊಡ ನೀರು, ಸೋಪು, ಒಣ ಬಟ್ಟೆ ಇಟ್ಟುಕೊಂಡು ಎಣ್ಣೆ ಬಿದ್ದ ಕೂಡಲೇ ತೊಳೆದುಕೊಳ್ಳಬೇಕು. ನೆನೆದ ಬಟ್ಟೆಯನ್ನು ಅಲ್ಲೇ ಬಿಚ್ಚಬೇಕು, ಮೂಗಿಗೆ ಸುತ್ತಿದ ಟವೆಲ್ಲನ್ನೂ. ಅದು ಹೀರಿಕೊಂಡ ಎಣ್ಣೆ ಕೆನ್ನೆಗೆ, ಕುತ್ತಿಗೆಗೆ ಅಂಟಿಕೊಂಡೇ ಇರುತ್ತದೆ.