ಕಡಲ ಮೀನಿಗೂ ಪಾಲುಪಟ್ಟಿ: ಬ್ರಿಟನ್ನಿನ ಸಣ್ಣ ದೋಣಿಗಳ ಪಾಡು

ಬ್ರಿಟನ್ನಿಗೆ ಹೋಗಿ ನೆಲೆಸಿದ ಕರಾವಳಿಯವರು ‘ಬಂಗುಡೆ’ ಎಂದು ಸಾರು ಮಾಡುವ ಮೀನು ನಿಜಕ್ಕೂ ನಮ್ಮ ಬಂಗುಡೆಯಲ್ಲ. ಅದು ಅಟ್ಲಾಂಟಿಕ್ ಮ್ಯಾಕರೆಲ್. ಬೆನ್ನ ಮೇಲೆ ಕಪ್ಪು ಪಟ್ಟೆ, ಮೈಯಲ್ಲಿ ಕೊಬ್ಬು ಸ್ವಲ್ಪ ಜಾಸ್ತಿ; ನಮ್ಮ ಬಂಗುಡೆಗೆ ದಾಯಾದಿ ಎನ್ನಬಹುದು. ಖಾರ ಅರೆದು ಹುಣಸೆಹುಳಿ ಬಿಟ್ಟರೆ ಮಲ್ಪೆ ನೆನಪಾಗಲು ಅಷ್ಟೇ ಸಾಕು. ಆದರೆ ಅದನ್ನು ಹಿಡಿಯುವ ಹಕ್ಕು ಯಾರದ್ದು ಎಂಬ ಜಗಳ ಅಲ್ಲಿ ದಶಕಗಳಿಂದ ನಡೆದಿದೆ. ಮಕ್ಕಳು ಅಲ್ಲಿರುವ ನಮ್ಮ ಮೀನುಗಾರ ಕುಟುಂಬಗಳಿಗೆ ಈ ಕಥೆ ಅಪರಿಚಿತ ಎನಿಸಲಾರದು.

ಅಲ್ಲಿ ಮುಖ್ಯ ಜಾತಿಯ ಮೀನುಗಳಿಗೆಲ್ಲ ಕೋಟಾ ಇದೆ. ವರ್ಷಕ್ಕೆ ಇಂತಿಷ್ಟು ಟನ್ ಎಂದು ಮೊದಲು ದೇಶದೇಶಗಳ ನಡುವೆ ಹಂಚಿಕೆ, ಬಳಿಕ ದೇಶದೊಳಗೆ ದೋಣಿಗಳ ನಡುವೆ ಹಂಚಿಕೆ. ಮೀನಿನ ಸಂತತಿ ಉಳಿಯಬೇಕೆಂಬ ಉದ್ದೇಶ ಸರಿಯೇ. ತೊಡಕು ಎರಡನೆಯ ಹಂಚಿಕೆಯದು. 1999ರಲ್ಲಿ ದೋಣಿಗಳ ಪಾಲು ಗೊತ್ತುಮಾಡುವಾಗ 1994ರಿಂದ 96ರವರೆಗಿನ ಹಿಡುವಳಿಯ ದಾಖಲೆ ನೋಡಿದರು. 10 ಮೀಟರ್‌ಗಿಂತ ಚಿಕ್ಕ ದೋಣಿಗಳಿಗೆ ಲಾಗ್‌ಬುಕ್ ಬರೆಯುವ ಕಡ್ಡಾಯವೇ ಆಗ ಇರಲಿಲ್ಲ. ಕಾಗದದಲ್ಲಿ ಇಲ್ಲದ ಮೀನು ಲೆಕ್ಕಕ್ಕೂ ಬರಲಿಲ್ಲ. ದೊಡ್ಡ ದೋಣಿಗಳ ಪಾಲು ಉತ್ಪಾದಕ ಸಂಘಗಳ ಕೈಗೆ ಹೋಯಿತು; ಸಣ್ಣವರಿಗೆ ಸರ್ಕಾರ ತಿಂಗಳಿಗಿಷ್ಟು ಎಂದು ಹಂಚುವ ಒಂದು ಸಾಮೂಹಿಕ ನಿಧಿ ಉಳಿಯಿತು. ಬ್ರಿಟನ್ನಿನ ಐದು ದೋಣಿಗಳಲ್ಲಿ ಸುಮಾರು ನಾಲ್ಕು ಈ ಸಣ್ಣ ವರ್ಗದವು. ಕೋಟಾದಲ್ಲಿ ಅವುಗಳ ಪಾಲು ತೂಕದ ಲೆಕ್ಕದಲ್ಲಿ ಶೇ 2ರ ಆಸುಪಾಸು!

ಕೋಟಾ ಎಂಬುದು ಮೆಲ್ಲಗೆ ಆಸ್ತಿಯಂತಾಯಿತು. ಕೊಳ್ಳಬಹುದು, ಬಾಡಿಗೆಗೆ ಬಿಡಬಹುದು. ದೋಣಿ ಮಾರಿ, ಕೋಟಾ ಮಾತ್ರ ಉಳಿಸಿಕೊಂಡು ಮನೆಯಲ್ಲಿ ಕುಳಿತು ಬಾಡಿಗೆ ಎಣಿಸುವವರಿಗೆ ಅಲ್ಲಿನವರು ಇಟ್ಟ ಹೆಸರು ‘ಸ್ಲಿಪ್ಪರ್ ಸ್ಕಿಪ್ಪರ್’, ಅಂದರೆ ಮನೆಚಪ್ಪಲಿಯ ತಾಂಡೇಲ. ಗೇಣಿ ಕಟ್ಟಿ ಉತ್ತವನ ಕಥೆ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಐದು ಶ್ರೀಮಂತ ಕುಟುಂಬಗಳ ಹಿಡಿತದಲ್ಲಿ ಬ್ರಿಟನ್ ಕೋಟಾದ ಶೇ 29ರಷ್ಟಿದೆ ಎಂದು 2018ರಲ್ಲಿ ಗ್ರೀನ್‌ಪೀಸ್ ತನಿಖೆ ಬಯಲು ಮಾಡಿತು.

ಇದರ ಬಿಸಿ ತಟ್ಟಿದ್ದು ಹೇಸ್ಟಿಂಗ್ಸ್‌ನಂಥ ಊರುಗಳಿಗೆ. ಇಂಗ್ಲೆಂಡಿನ ದಕ್ಷಿಣ ತೀರದ ಈ ಊರಿನ ಮೀನುಗಾರರು ಬಂದರಿನ ಆಸರೆ ಇಲ್ಲದೆ ಬೆಣಚುಕಲ್ಲಿನ ದಂಡೆಯಿಂದಲೇ ದೋಣಿ ನೀರಿಗಿಳಿಸುತ್ತಾರೆ, ಮರಳಿ ದಂಡೆಗೇ ಎಳೆಯುತ್ತಾರೆ. ಕಾಡ್ ಮೀನು ಬಲೆಗೆ ಬಿದ್ದರೂ ತಿಂಗಳ ಕೋಟಾ ಮುಗಿದಿದ್ದರೆ ಸತ್ತ ಮೀನನ್ನು ಮತ್ತೆ ಕಡಲಿಗೇ ಎಸೆಯಬೇಕಿತ್ತು. ದುಡಿದವನಿಗೂ ಇಲ್ಲ, ಕಡಲಿಗೂ ಉಪಯೋಗವಿಲ್ಲ. ಹೀಗೆ ಎಸೆಯುವುದನ್ನು 2015ರಿಂದ 2019ರವರೆಗೆ ಹಂತಹಂತವಾಗಿ ನಿಷೇಧಿಸಿದರು. ಆದರೆ ಕೋಟಾ ಇಲ್ಲದ ಜಾತಿಯ ಮೀನು ಬಲೆಗೆ ಬೀಳುವುದನ್ನು ಯಾವ ಕಾಯ್ದೆ ತಡೆದೀತು?

ನಡುವೆ ಒಂದು ಗೆಲುವೂ ಇದೆ. ದೊಡ್ಡವರು ಬಳಸದೆ ಉಳಿಸಿದ ಕೋಟಾದಲ್ಲಿ ಒಂದಿಷ್ಟನ್ನು ಸರ್ಕಾರ ಸಣ್ಣ ದೋಣಿಗಳಿಗೆ ಕೊಟ್ಟಾಗ ಉತ್ಪಾದಕ ಸಂಘಗಳು ಕೋರ್ಟಿಗೆ ಹೋದವು. 2013ರಲ್ಲಿ ಲಂಡನ್ನಿನ ಹೈಕೋರ್ಟ್ ಅವರ ವಾದ ಒಪ್ಪಲಿಲ್ಲ. ಕಡಲ ಮೀನು ಯಾರೊಬ್ಬರ ಸ್ವತ್ತೂ ಅಲ್ಲ ಎಂದಿತು. ಬ್ರೆಕ್ಸಿಟ್ ಬಂದಾಗ ಸಣ್ಣವರ ಆಸೆ ಇನ್ನೂ ದೊಡ್ಡದಾಯಿತು. 12 ಮೈಲಿಯೊಳಗೆ ವಿದೇಶಿ ದೋಣಿ ಬರಬಾರದು ಎಂಬುದು ಅವರ ಬೇಡಿಕೆ. ಸಿಕ್ಕಿದ್ದು ಐರೋಪ್ಯ ಪಾಲಿನಲ್ಲಿ ಮೌಲ್ಯದ ಲೆಕ್ಕದ ಶೇ 25, ಅದೂ ಕಂತುಕಂತಾಗಿ. ಹೆಚ್ಚಿನದು ಹೋದದ್ದು ಮೊದಲೇ ಕೋಟಾ ಇದ್ದವರಿಗೆ. 2025ರ ಮೇ ತಿಂಗಳ ಒಪ್ಪಂದ ಐರೋಪ್ಯ ದೋಣಿಗಳ ಪ್ರವೇಶವನ್ನು 2038ರವರೆಗೆ ಮುಂದುವರಿಸಿತು.

ಈಗ ಮ್ಯಾಕರೆಲ್ ಸರದಿ. ನಾರ್ವೆ, ಐಸ್‌ಲ್ಯಾಂಡ್, ಫೇರೋ ದ್ವೀಪ, ಬ್ರಿಟನ್, ಐರೋಪ್ಯ ಒಕ್ಕೂಟ ತಮ್ಮ ತಮ್ಮ ಪಾಲಿಗೆ ಒಮ್ಮತವಿಲ್ಲದೆ ವರ್ಷಗಟ್ಟಲೆ ವಿಜ್ಞಾನಿಗಳ ಸಲಹೆ ಮೀರಿ ಹಿಡಿದವು. ಈ ಮೀನಿಗಿದ್ದ ಸುಸ್ಥಿರತೆಯ ಎಂಎಸ್‌ಸಿ ಮಾನ್ಯತೆ 2019ರಲ್ಲೇ ಅಮಾನತಾಯಿತು. 2026ಕ್ಕೆ ಹಿಡುವಳಿಯನ್ನು ಶೇ 70ರಷ್ಟು ತಗ್ಗಿಸಿ ಎಂದು ಐಸಿಇಎಸ್ ಎಂಬ ಅಂತರರಾಷ್ಟ್ರೀಯ ವಿಜ್ಞಾನಿಗಳ ಮಂಡಳಿ ಹೇಳಿತು. ಸ್ಕಾಟ್ಲೆಂಡಿನ ದೈತ್ಯ ಟ್ರಾಲರ್‌ಗಳು ಎಳೆದದ್ದೂ, ಕಾರ್ನ್‌ವಾಲ್‌ನಲ್ಲಿ ಕೈಗಾಳಕ್ಕೆ ಗರಿ ಕಟ್ಟಿ ಒಬ್ಬನೇ ಹಿಡಿದದ್ದೂ ಒಂದೇ ಸಂತತಿಯ ಮೀನು. ಕಡಿತ ಇಬ್ಬರಿಗೂ ಬರುತ್ತದೆ. ತಡೆದುಕೊಳ್ಳುವ ಶಕ್ತಿ ಇಬ್ಬರಿಗೂ ಒಂದೇ ಅಲ್ಲ.

ನಮ್ಮಲ್ಲಿ ಕೋಟಾ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ, ಸಣ್ಣ ನಾಡದೋಣಿಗೆ ವಿನಾಯಿತಿ. ಒಂದೇ ಬಲೆಗೆ ಹತ್ತಾರು ಜಾತಿ ಬೀಳುವ ನಮ್ಮ ಕಡಲಿಗೆ ಟನ್ ಲೆಕ್ಕದ ಪಾಲು ಹೊಂದುವುದೂ ಕಷ್ಟವೇ. ಆದರೂ 2017ರಲ್ಲಿ ನಿಷೇಧವಾದ ಲೈಟ್ ಫಿಶಿಂಗ್ ವಿರುದ್ಧ ನಾಡದೋಣಿಯವರು ಇಂದಿಗೂ ಕೂಗುವ ಮಾತಿಗೂ ಹೇಸ್ಟಿಂಗ್ಸ್‌ನವರ ಮಾತಿಗೂ ಭಾಷೆಯೊಂದೇ ಬೇರೆ.

ಕೊನೆಗೆ, ಬ್ರಿಟನ್ನಿನ ಮೀನುದೋಣಿಯಲ್ಲಿ ಕೆಲಸ ಕೊಡಿಸುತ್ತೇನೆಂದು ಏಜೆಂಟ್ ಬಂದರೆ ವೀಸಾ ಯಾವುದೆಂದು ಕೇಳಿ. ‘ಟ್ರಾನ್ಸಿಟ್’ ವೀಸಾ 12 ಮೈಲಿಯಾಚೆ ದುಡಿಯುವ ದೋಣಿ ಹತ್ತಲು ಮಾತ್ರ. ಅದರಲ್ಲಿ ದಡದ ಮೇಲೆ ವಾಸಿಸುವ ಹಕ್ಕು ಇಲ್ಲ.